ಬಿಟ್ಟು ಬಂದ ಕುರ್ಚಿ

ಬಿಟ್ಟು ಬಂದ ಜಾಗದಿಂದ ಮತ್ತೆ ಕರೆ ಬಂದರೆ ಮನುಷ್ಯನಿಗೆ ಮೊದಲು ಆಗುವುದು ಸಂತೋಷ. ಆಲೋಚನೆ ಆಮೇಲೆ ಬರುತ್ತದೆ. ‘ನಾನಿಲ್ಲದೆ ಅವರಿಗೆ ನಡೆಯಲಿಲ್ಲ’ ಎಂಬ ಸಣ್ಣದೊಂದು ಹೆಮ್ಮೆ ಆ ಸಂತೋಷದ ಒಳಗೆ ಕುಳಿತಿರುತ್ತದೆ. ಹೊರಗೆ ನಾವು ಅದಕ್ಕೆ ಕರ್ತವ್ಯ, ಋಣ, ಹಳೆಯ ಸ್ನೇಹ ಎಂದೆಲ್ಲ ಹೆಸರು ಕೊಡುತ್ತೇವೆ. ಹಾಗಂತ ಆ ಹೆಸರುಗಳು ಸುಳ್ಳೂ ಅಲ್ಲ. ಕಷ್ಟ ಇರುವುದೇ ಅಲ್ಲಿ. ಹೆಮ್ಮೆ ಎಲ್ಲಿ ಮುಗಿಯಿತು, ಋಣ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲ.

2022ರ ಆರಂಭದ ತಿಂಗಳುಗಳಲ್ಲಿ ಮೋಟಾರು ಓಟದ ಜಗತ್ತಿನಲ್ಲಿ ಇಂಥದೇ ಒಂದು ಸುದ್ದಿ ಓಡಾಡುತ್ತಿತ್ತು. ಫ್ರಾನ್ಸಿನ ಜೀನ್ ಟಾಡ್ ಆಗಷ್ಟೇ ಎಫ್‌ಐಎ, ಅಂದರೆ ಅಂತಾರಾಷ್ಟ್ರೀಯ ಮೋಟಾರು ಒಕ್ಕೂಟದ ಅಧ್ಯಕ್ಷ ಸ್ಥಾನದಿಂದ ಇಳಿದಿದ್ದರು. ಹನ್ನೆರಡು ವರ್ಷ ಅಲ್ಲಿದ್ದು 2021ರ ಡಿಸೆಂಬರ್‌ನಲ್ಲಿ ಹೊರಬಂದಾಗ ಅವರಿಗೆ 75 ವರ್ಷ. ಇನ್ನು ಅವರು ಸಲಹೆಗಾರರಾಗಿ ತಮ್ಮ ಹಳೆಯ ತಂಡ ಫೆರಾರಿಗೆ ಮರಳುತ್ತಾರೆ ಎಂಬ ಮಾತು ಪತ್ರಿಕೆಗಳಲ್ಲಿ ಬರತೊಡಗಿತು. ಹೋಗುವರೋ ಇಲ್ಲವೋ ಎಂದು ಜನ ತಿಂಗಳುಗಟ್ಟಲೆ ಚರ್ಚಿಸಿದರು. ಕೊನೆಗೆ ಅದು ನಡೆಯಲಿಲ್ಲ.

ಕರಾವಳಿಯ ಒಂದು ಸಣ್ಣ ಗ್ಯಾರೇಜಿನಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡು ಕುಳಿತಿರುವ ನನಗೆ ಈ ಫ್ರೆಂಚ್ ಮನುಷ್ಯನ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ. ನಾನು 22 ವರ್ಷ ಬಹರೈನಿನಲ್ಲಿದ್ದೆ. ಸಲ್ಮಾಬಾದಿನ ಒಂದು ಗ್ಯಾರೇಜಿನಲ್ಲಿ ಸಹಾಯಕನಾಗಿ ಸೇರಿ ಫೋರ್‌ಮನ್ ಆಗಿ ಹೊರಬಂದವನು. 2004ರ ಏಪ್ರಿಲ್ 4ರಂದು ಸಾಖಿರಿನ ಹೊಸ ಟ್ರ್ಯಾಕಿನಲ್ಲಿ ಮಧ್ಯಪ್ರಾಚ್ಯದ ಮೊತ್ತಮೊದಲ ಫಾರ್ಮುಲಾ ಒನ್ ಓಟ ನಡೆದಾಗ ನಮ್ಮ ಗ್ಯಾರೇಜಿನಲ್ಲಿ ಒಂದು ವಾರದಿಂದ ಬೇರೆ ಮಾತೇ ಇರಲಿಲ್ಲ. ಅಂದು ಫೆರಾರಿಯ ಮೈಕೆಲ್ ಶುಮಾಕರ್ ಮೊದಲು, ಅದೇ ತಂಡದ ಬ್ಯಾರಿಚೆಲ್ಲೊ ಎರಡನೆಯವರು. ಬೇರೆ ಕಡೆ ಗೆದ್ದವರು ಷಾಂಪೇನ್ ಚಿಮ್ಮಿಸುತ್ತಾರೆ. ಬಹರೈನಿನಲ್ಲಿ ಅದರ ಬದಲು ಗುಲಾಬಿ ನೀರಿನ ಪಾನೀಯ. ನಾವು ಅದನ್ನು ಟಿವಿಯಲ್ಲಿ ನೋಡಿ ಬಹಳ ಖುಷಿಪಟ್ಟೆವು. ಆದರೆ ನನ್ನ ಕಣ್ಣು ಹೋದದ್ದು ಓಡಿಸಿದವರ ಮೇಲಲ್ಲ, ಪಿಟ್ಟಿನ ಗೋಡೆಯ ಹತ್ತಿರ ಉಗುರು ಕಚ್ಚುತ್ತಾ ನಿಂತಿದ್ದ ಆ ಗಿಡ್ಡ ಮನುಷ್ಯನ ಮೇಲೆ. ಕಾರು ಮುಟ್ಟದೆ ಕಾರು ಗೆಲ್ಲಿಸುವವನು. ಫೋರ್‌ಮನ್ ಕೆಲಸವೂ ಒಂದು ಲೆಕ್ಕದಲ್ಲಿ ಅದೇ ತಾನೆ?

ಟಾಡ್ ಓಟದ ಜಗತ್ತಿಗೆ ಬಂದದ್ದು ರ‍್ಯಾಲಿ ಕಾರಿನಲ್ಲಿ ಚಾಲಕನ ಪಕ್ಕ ಕುಳಿತು ದಾರಿ ಓದಿ ಹೇಳುವ ಸಹಚಾಲಕನಾಗಿ. ಆಮೇಲೆ ಪ್ಯೂಜೊ ಕಂಪನಿಯ ಓಟದ ವಿಭಾಗ ಕಟ್ಟಿದರು. 1985 ಮತ್ತು 1986ರಲ್ಲಿ ವಿಶ್ವ ರ‍್ಯಾಲಿ ಪ್ರಶಸ್ತಿ, 1987ರಿಂದ 1990ರವರೆಗೆ ಸತತ ನಾಲ್ಕು ಡಾಕರ್ ಗೆಲುವು. 1989ರ ಡಾಕರ್ ಓಟದಲ್ಲಿ ತನ್ನದೇ ತಂಡದ ವತಾನೆನ್ ಮತ್ತು ಇಕ್ಸ್ ಪೈಪೋಟಿಗೆ ಬಿದ್ದು ಕಾರು ಒಡೆದುಕೊಂಡಾರು ಎಂಬ ಭಯದಿಂದ ಟಾಡ್ ನಾಣ್ಯ ಚಿಮ್ಮಿ ಗೆಲ್ಲುವವರನ್ನು ತೀರ್ಮಾನಿಸಿದರು. ಗೆಲುವು ವತಾನೆನ್ ಪಾಲಾಯಿತು. ಮುಂದೆ 2009ರಲ್ಲಿ ಎಫ್‌ಐಎ ಅಧ್ಯಕ್ಷ ಚುನಾವಣೆಗೆ ಟಾಡ್ ನಿಂತಾಗ ಎದುರು ನಿಂತವರು ಅದೇ ವತಾನೆನ್! ಟಾಡ್ 135 ಮತಗಳಿಂದ ಗೆದ್ದರು, ವತಾನೆನ್‌ಗೆ 49.

1993ರ ಜುಲೈ 1ರಂದು ಅವರು ಫೆರಾರಿಗೆ ಕಾಲಿಟ್ಟಾಗ ಅಲ್ಲಿನ ಸ್ಥಿತಿ ಶೋಚನೀಯವಾಗಿತ್ತು. ಚಾಲಕರ ಪ್ರಶಸ್ತಿ ಬಂದು 14 ವರ್ಷ, ತಂಡದ ಪ್ರಶಸ್ತಿ ಬಂದು 10 ವರ್ಷ ಕಳೆದಿತ್ತು. ಕಾರಿನ ನಕ್ಷೆ ಇಂಗ್ಲೆಂಡಿನಲ್ಲಿ, ಎಂಜಿನು ಇಟಲಿಯ ಮರನೆಲ್ಲೊದಲ್ಲಿ. ಟಾಡ್ ಒಂದೇ ಏಟಿಗೆ ಏನನ್ನೂ ಸರಿಪಡಿಸಲಿಲ್ಲ. 1996ರಲ್ಲಿ ಶುಮಾಕರ್ ಬಂದರು. ಅವರ ಬೆನ್ನಿಗೆ ರಾಸ್ ಬ್ರಾನ್ ಮತ್ತು ರೋರಿ ಬರ್ನ್ ಬಂದರು. ಕೆಲಸವೆಲ್ಲ ಒಂದೇ ಸೂರಿನಡಿ ಸೇರಿತು. 1999ರಲ್ಲಿ ತಂಡದ ಪ್ರಶಸ್ತಿ, 2000ದಲ್ಲಿ 21 ವರ್ಷಗಳ ಬಳಿಕ ಚಾಲಕರ ಪ್ರಶಸ್ತಿ. ಆ ವರ್ಷದಿಂದ ಶುಮಾಕರ್ ಸತತ ಐದು ವರ್ಷ ಚಾಂಪಿಯನ್. ಜನರಿಗೆ ನೆನಪಿರುವುದು ಆ ಐದು ವರ್ಷ. ಅದಕ್ಕೆ ಮುಂಚಿನ ಏಳು ವರ್ಷ ಸೋತ ಮನುಷ್ಯನನ್ನು ಮನೆಗೆ ಕಳುಹಿಸದೆ ಕಾದ ಒಬ್ಬ ಅಧ್ಯಕ್ಷ, ಮೊಂಟೆಜೆಮೊಲೊ, ಇದ್ದರಲ್ಲ? ಅದನ್ನು ನಾವು ಮರೆಯುತ್ತೇವೆ.

ಟಾಡ್ ತಪ್ಪೇ ಮಾಡದ ಮಹಾತ್ಮ ಎಂದು ನಾನು ಹೇಳುತ್ತಿಲ್ಲ. 2002ರಲ್ಲಿ ಆಸ್ಟ್ರಿಯಾದಲ್ಲಿ ಗೆಲುವಿನ ಗೆರೆ ಕಣ್ಣೆದುರೇ ಇದ್ದಾಗ ಬ್ಯಾರಿಚೆಲ್ಲೊಗೆ ನಿಧಾನಿಸಿ ಶುಮಾಕರ್‌ಗೆ ದಾರಿ ಬಿಡಲು ತಂಡ ಆಜ್ಞೆ ಕೊಟ್ಟಿತು. ಪ್ರೇಕ್ಷಕರು ಛೀಮಾರಿ ಹಾಕಿದರು. ದುಡಿದವನ ಕೂಲಿಯನ್ನು ಇನ್ನೊಬ್ಬನ ಕೈಗೆ ಕೊಟ್ಟಂತೆ ಅದು. ಗೆಲುವಿನ ಹಸಿವು ಎಂಥವರಲ್ಲೂ ನ್ಯಾಯದ ಕಣ್ಣನ್ನು ಮಂಜಾಗಿಸುತ್ತದೆ.

ಈಗ ನನ್ನ ವಿಷಯ. 2013ರಲ್ಲಿ ನಾನು ಆ ಗ್ಯಾರೇಜು ಬಿಟ್ಟೆ. ಹಿರಿಯ ಮಾಲಕರು ಹಾಸಿಗೆ ಹಿಡಿದಿದ್ದರು, ಆಡಳಿತ ಮನೆಯ ಕಿರಿಯರ ಕೈಗೆ ಬಂದಿತ್ತು. ಅವರಿಗೆ ಲೆಕ್ಕಪತ್ರ ಗೊತ್ತಿತ್ತು, ಕೆಲಸಗಾರರ ಹೆಸರು ಗೊತ್ತಿರಲಿಲ್ಲ. ಹೊರಟ ದಿನ ಬಾಕಿ ಹಣ ಎಣಿಸಿ ಕೊಟ್ಟರು, ಒಂದು ಲೋಟ ಚಹಾ ಕುಡಿದು ಹೋಗಿ ಎನ್ನಲಿಲ್ಲ. ಊರಿಗೆ ಬಂದು ಸ್ವಂತ ಗ್ಯಾರೇಜು ಹಾಕಿದೆ. ಇಂದು ನನ್ನ ಬಳಿ ನಾಲ್ವರು ಹುಡುಗರು ಕೆಲಸ ಕಲಿಯುತ್ತಿದ್ದಾರೆ.

ಕಳೆದ ವರ್ಷ ಮಾಲಕರ ಮಗನ ಫೋನು ಬಂತು. ಗಿರಾಕಿಗಳು ಬೇರೆ ಕಡೆ ಹೋಗುತ್ತಿದ್ದಾರೆ, ಕೆಲಸಗಾರರು ನಿಲ್ಲುತ್ತಿಲ್ಲ, ಎರಡು ವರ್ಷಕ್ಕೆ ಬನ್ನಿ, ಎಲ್ಲವನ್ನೂ ಮೊದಲಿನಂತೆ ಮಾಡಿಕೊಡಿ ಎಂದರು. ಹೇಳಿದ ಸಂಬಳ ದೊಡ್ಡದು. ಕಿರಿಮಗಳ ಮದುವೆಯ ಖರ್ಚು ತಲೆಯ ಮೇಲಿದೆ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ, ಹೂಂ ಎನ್ನಲೂ ಬರಲಿಲ್ಲ. ಫೋನಿಡುವ ಮುಂಚೆ ಅವರು ಇನ್ನೊಂದು ಮಾತು ಹೇಳಿದರು: “ಈಗಿನ ಫೋರ್‌ಮನ್‌ಗೆ ಸದ್ಯ ಹೇಳಬೇಡಿ.”

ಈಗಿನ ಫೋರ್‌ಮನ್ ನಮ್ಮ ಊರ ಕಡೆಯವನೇ. ಹತ್ತೊಂಬತ್ತನೆಯ ವಯಸ್ಸಿಗೆ ಬಂದು ನನ್ನ ಕೈಕೆಳಗೆ ಡೀಸೆಲಿನಲ್ಲಿ ಬೋಲ್ಟು ತೊಳೆಯುತ್ತಾ ಕೆಲಸ ಕಲಿತವನು. ಇಂದಿಗೂ ನನ್ನನ್ನು ‘ಕಾಕ’ ಎಂದೇ ಕರೆಯುತ್ತಾನೆ. 2022ರಲ್ಲಿ ಟಾಡ್ ಮರಳುತ್ತಾರೆಂದು ಸುದ್ದಿಯಾದಾಗ ಫೆರಾರಿ ತಂಡದ ಮುಖ್ಯಸ್ಥರಾಗಿದ್ದವರು ಮಟಿಯಾ ಬಿನೊಟ್ಟೊ. ಅವರು 1995ರಲ್ಲಿ, ಟಾಡ್ ಅವರ ಕಾಲದಲ್ಲೇ, ಎಂಜಿನ್ ಪರೀಕ್ಷೆಯ ಸಣ್ಣ ಹುದ್ದೆಗೆ ಸೇರಿ ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ತನಗೆ ಕಲಿಸಿದವನೇ ತನ್ನ ತಲೆಯ ಮೇಲೆ ಬಂದು ಕೂರುತ್ತಾನೆಂದು ಪತ್ರಿಕೆಯಲ್ಲಿ ಓದುವಾಗ ಒಬ್ಬನಿಗೆ ಹೇಗಾಗಬೇಡ? ಟಾಡ್ ಮುಂದೆ ಇನ್ನೊಂದು ತೊಡಕೂ ಇತ್ತು. ಫೆರಾರಿಯ ಚಾಲಕ ಶಾರ್ಲ್ ಲೆಕ್ಲೇರ್ ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದುದು ಟಾಡ್ ಅವರ ಮಗ ನಿಕೊಲಾಸ್. ಅಪ್ಪ ತಂಡದ ಒಳಗೆ, ಮಗ ಚಾಲಕನ ಪರ. ಎಷ್ಟು ಪ್ರಾಮಾಣಿಕನಾಗಿದ್ದರೂ ಜನ ನಾಲ್ಕು ಮಾತಾಡದೆ ಬಿಡುತ್ತಾರೆಯೇ?

ಮರಳಿ ಹೋದವರ ಕಥೆಗಳೂ ನನಗೆ ಗೊತ್ತು. ಮೆಕ್ಲಾರೆನ್ ತಂಡವನ್ನು 1980ರಿಂದ ಬೆಳೆಸಿದ ರಾನ್ ಡೆನ್ನಿಸ್ 2009ರಲ್ಲಿ ಓಟದ ಹೊಣೆಯನ್ನು ತಮ್ಮ ಜೊತೆಗಾರ ವಿಟ್‌ಮಾರ್ಶ್‌ಗೆ ಬಿಟ್ಟುಕೊಟ್ಟರು. 2014ರ ಜನವರಿಯಲ್ಲಿ, 66ನೆಯ ವಯಸ್ಸಿನಲ್ಲಿ, ಮತ್ತೆ ಚುಕ್ಕಾಣಿ ಹಿಡಿದರು. ವಿಟ್‌ಮಾರ್ಶ್ ಹೊರಹೋದರು. ಅದೇ ವರ್ಷ ಓಟದ ಎಂಜಿನುಗಳೇ ಬದಲಾಗಿ ಹೈಬ್ರಿಡ್ ಬಂತು. 2015ರಲ್ಲಿ ಹೋಂಡಾ ಎಂಜಿನಿನೊಂದಿಗೆ ಓಡಿದ ಮೆಕ್ಲಾರೆನ್ ಹತ್ತು ತಂಡಗಳಲ್ಲಿ ಒಂಬತ್ತನೆಯದಾಯಿತು. 2016ರ ನವೆಂಬರ್‌ನಲ್ಲಿ ಪಾಲುದಾರರು ಡೆನ್ನಿಸ್‌ರನ್ನು ಬದಿಗೆ ಸರಿಸಿದರು. ಆ ಪಾಲುದಾರರಲ್ಲಿ ದೊಡ್ಡದು ಬಹರೈನ್ ಸರಕಾರದ ಹೂಡಿಕೆ ಸಂಸ್ಥೆ ಮುಮ್ತಲಕಾತ್. ಅಂದು ಬಹರೈನಿನಲ್ಲೇ ಇದ್ದ ನನ್ನ ಹಳೆಯ ಗೆಳೆಯರು ಈ ಸುದ್ದಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿದಾಗ ನನಗೆ ನಗು ಬರಲಿಲ್ಲ. ಕಟ್ಟಿದವನನ್ನೇ ಕಟ್ಟಡ ಹೊರಹಾಕಿತ್ತು.

ಫ್ಲಾವಿಯೊ ಬ್ರಿಯಾಟೊರೆ ಕಥೆ ಬೇರೆ. 2008ರ ಸಿಂಗಾಪುರ ಓಟದಲ್ಲಿ ಬೇಕೆಂದೇ ಕಾರು ಅಪ್ಪಳಿಸಿದ ಹಗರಣದಿಂದ 2009ರಲ್ಲಿ ರೆನೊ ತಂಡ ಬಿಟ್ಟವರು ಅವರು. ವಿಧಿಸಿದ್ದ ನಿಷೇಧವನ್ನು ಫ್ರೆಂಚ್ ನ್ಯಾಯಾಲಯ 2010ರಲ್ಲಿ ರದ್ದುಗೊಳಿಸಿತು. 2024ರಲ್ಲಿ, 74ನೆಯ ವಯಸ್ಸಿನಲ್ಲಿ, ಅದೇ ತಂಡಕ್ಕೆ ಸಲಹೆಗಾರರಾಗಿ ಮರಳಿದರು. ಅಷ್ಟರಲ್ಲಿ ತಂಡದ ಹೆಸರು ಆಲ್ಪೀನ್ ಆಗಿತ್ತು. ಆ ವರ್ಷ ಆರನೆಯ ಸ್ಥಾನ, 2025ರಲ್ಲಿ ಕೊನೆಯ ಸ್ಥಾನ. ಇನ್ನು ರಾಸ್ ಬ್ರಾನ್ 2006ರ ಕೊನೆಗೆ ಫೆರಾರಿ ಬಿಟ್ಟು ಒಂದು ವರ್ಷ ವಿಶ್ರಾಂತಿ ಪಡೆದರು. ಆಮೇಲೆ ಹೋದದ್ದು ಹಳೆಯ ಮನೆಗಲ್ಲ, ಹೋಂಡಾಕ್ಕೆ. ಹೋಂಡಾ ಕೈಬಿಟ್ಟಾಗ ಆ ತಂಡವನ್ನು ತಾವೇ ವಹಿಸಿಕೊಂಡು 2009ರಲ್ಲಿ ಎರಡೂ ಪ್ರಶಸ್ತಿ ಗೆದ್ದರು.

ಇದರಿಂದ ಮರಳಿ ಹೋಗುವುದೇ ಕೆಟ್ಟದ್ದು ಎಂಬ ನೀತಿ ಹೊರಡುವುದಿಲ್ಲ. ನಾನು ಕಂಡುಕೊಂಡದ್ದು ಬೇರೆ. ನಾವು ಮರಳುವುದು ಜಾಗಕ್ಕೆ ಮಾತ್ರ, ಆ ಕಾಲಕ್ಕಲ್ಲ. 2022ರ ಫೆರಾರಿಯ ಹೆಸರು ಅದೇ, ಕೆಂಪು ಬಣ್ಣ ಅದೇ. ಆದರೆ ಕಾದು ಕುಳಿತ ಮೊಂಟೆಜೆಮೊಲೊ 2014ರಲ್ಲೇ ಹೊರಟುಹೋಗಿದ್ದರು. ಶುಮಾಕರ್ 2013ರ ಡಿಸೆಂಬರಿನ ಅಪಘಾತದ ಬಳಿಕ ಮನೆಯೊಳಗಿದ್ದರು. ಕರೆಯುವವರಿಗೆ ಬೇಕಾದದ್ದು ಟಾಡ್ ಒಬ್ಬರೇ ಅಲ್ಲ, ಆ ಐದು ವರ್ಷಗಳು. ಅದನ್ನು ತಂದುಕೊಡಲು ಯಾರಿಂದ ಸಾಧ್ಯ? ನನಗೂ ಹಾಗೆಯೇ. ನಾನು ಎಂಜಿನಿನ ಸದ್ದು ಕೇಳಿ ರೋಗ ಹೇಳುವವನು. ಇಂದಿನ ಹೈಬ್ರಿಡ್ ಕಾರು ಮಾತಾಡುವುದು ಸ್ಕ್ಯಾನರಿನ ಜೊತೆ.

ನಾನು ಆ ಹುಡುಗನಿಗೆ ಫೋನು ಮಾಡಿದೆ. ಗುಟ್ಟು ಕಾಪಾಡುವ ಮಾತು ನಾನು ಯಾರಿಗೂ ಕೊಟ್ಟಿರಲಿಲ್ಲ. ವಿಷಯ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನೀವು ಬಂದರೆ ನನಗೆ ಸಂತೋಷವೇ ಕಾಕ” ಎಂದ. ಸ್ವರದಲ್ಲಿ ಸಂತೋಷ ಇರಲಿಲ್ಲ. ಕೆದಕಿ ಕೇಳಿದಾಗ ಒಂದೊಂದೇ ಹೊರಬಂತು. ಒಳ್ಳೆಯ ಸ್ಕ್ಯಾನರಿಗೆ ಎರಡು ವರ್ಷದಿಂದ ಕೇಳುತ್ತಿದ್ದಾನೆ, ಕೊಡಿಸಿಲ್ಲ. ಮೆಕ್ಯಾನಿಕುಗಳ ಸಂಬಳ ತಿಂಗಳು ತಡ. ಕೆಲಸ ಕಲಿತವರು ಬೇರೆ ಕಡೆ ಹೋಗದೆ ಇನ್ನೇನು ಮಾಡುತ್ತಾರೆ? ನಾನು ಫೋರ್‌ಮನ್ ಆದ ಮೊದಲ ಮೂರು ವರ್ಷ ಗ್ಯಾರೇಜು ನಷ್ಟದಲ್ಲೇ ಇತ್ತು. ಹಿರಿಯ ಮಾಲಕರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ, ಕೇಳಿದ ಉಪಕರಣ ತಂದುಕೊಟ್ಟರು. ಮೊದಲಿನಂತೆ ಆಗಬೇಕಾದರೆ ಮೊದಲಿನ ಫೋರ್‌ಮನ್ ಅಲ್ಲ, ಮೊದಲಿನ ಮಾಲಕ ಬೇಕಿತ್ತು.

ಮಾಲಕರ ಮಗನಿಗೆ ಇದನ್ನು ಮೆತ್ತಗಿನ ಮಾತಿನಲ್ಲಿ ಹೇಳಿದೆ. ಫೋರ್‌ಮನ್ ಕುರ್ಚಿಗೆ ನಾನು ಬರುವುದಿಲ್ಲ, ಆ ಹುಡುಗನೇ ಕರೆದರೆ ಎರಡು ತಿಂಗಳು ಬಂದು ಹೊಸಬರಿಗೆ ಕೆಲಸ ಕಲಿಸಿ ಹೋಗುತ್ತೇನೆ ಎಂದೆ. ಅವರಿಗೆ ಇಷ್ಟವಾಗಲಿಲ್ಲ. ಸ್ಕ್ಯಾನರು ಬಂದಿದೆಯಂತೆ. ಸಂಬಳ ಇನ್ನೂ ಹಳೆಯ ಚಾಳಿಯಲ್ಲೇ ಇದೆಯಂತೆ. ಮದುವೆಯ ಖರ್ಚಿಗೆ ನಾನು ಬೇರೆ ದಾರಿ ನೋಡಬೇಕು. ಹೆಂಡತಿ ಮಾತ್ರ ಒಂದೇ ಮಾತು ಹೇಳಿದಳು: “ಇಪ್ಪತ್ತೆರಡು ವರ್ಷ ಅವರಿಗೆ ಕೊಟ್ಟದ್ದು ಸಾಕು.”

ಟಾಡ್ ಹೋಗದ ಮೇಲೂ ಫೆರಾರಿ ಗೆಲ್ಲಲಿಲ್ಲ. ಬಿನೊಟ್ಟೊ 2022ರ ಕೊನೆಗೆ ರಾಜೀನಾಮೆ ಕೊಟ್ಟರು, 2023ರಲ್ಲಿ ಫ್ರೆಡ್ ವಾಸೂರ್ ಬಂದರು. 2025ರ ಓಟಗಳು ಮುಗಿದರೂ 2007ರ ಬಳಿಕ ಅವರಿಗೆ ಚಾಲಕರ ಪ್ರಶಸ್ತಿ ಇಲ್ಲ, 2008ರ ಬಳಿಕ ತಂಡದ ಪ್ರಶಸ್ತಿ ಇಲ್ಲ. ಟಾಡ್ ಹೋಗಿದ್ದರೆ ಗೆಲ್ಲುತ್ತಿತ್ತೇ ಎಂದು ಕೇಳುವವರಿದ್ದಾರೆ. ಅದಕ್ಕಿಂತ ಅವರು ಕೈಬಿಡದೆ ಹಿಡಿದುಕೊಂಡ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. 2015ರಲ್ಲಿ ವಿಶ್ವಸಂಸ್ಥೆ ಅವರನ್ನು ರಸ್ತೆ ಸುರಕ್ಷತೆಯ ವಿಶೇಷ ದೂತರನ್ನಾಗಿ ನೇಮಿಸಿತು. ಎಫ್‌ಐಎ ಬಿಟ್ಟ ಮೇಲೂ ಅವರು ಅದನ್ನು ಮುಂದುವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ ಹೆಲ್ಮೆಟ್ ಇಲ್ಲದ ನಮ್ಮ ಹುಡುಗರೂ ಇದ್ದಾರೆ.

ನನ್ನ ಗ್ಯಾರೇಜಿನ ನಾಲ್ವರಿಗೆ ನಾನು ಮೊದಲು ಕಲಿಸುವುದು ಬ್ರೇಕಿನ ಕೆಲಸ. ಎಂಜಿನು ಕೈಕೊಟ್ಟರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ಬ್ರೇಕು ಕೈಕೊಟ್ಟರೆ ಒಂದು ಮನೆಯೇ ನಿಲ್ಲುತ್ತದೆ ಎಂದು ಹೇಳುತ್ತೇನೆ. ಅವರಲ್ಲಿ ಒಬ್ಬ ಮುಂದಿನ ವರ್ಷ ಗಲ್ಫಿಗೆ ಹೊರಡುವ ಮಾತಾಡುತ್ತಿದ್ದಾನೆ. ಹೋಗಲಿ. ಅಲ್ಲಿ ಅವನಿಗೆ ಕಾಯುವ ಒಬ್ಬ ಮಾಲಕ ಸಿಗಲಿ.