ಡೇಟನ್ ನಗರದಲ್ಲಿ ಒಂದು ಸಂಜೆ

2023ರ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಎಂಟನೆಯ ತರಗತಿಯ ಮಕ್ಕಳು ನಮ್ಮನ್ನು ಸುತ್ತುವರಿದು, "ಟೀಚರ್, ಅಮೆರಿಕದಲ್ಲಿ ಏನೇನು ನೋಡಿದಿರಿ?" ಎಂದು ಕೇಳಿದರು. ನಯಾಗರ ಜಲಪಾತದ ವರ್ಣನೆಯನ್ನೋ ನ್ಯೂಯಾರ್ಕಿನ ಮುಗಿಲೆತ್ತರದ ಕಟ್ಟಡಗಳ ಸುದ್ದಿಯನ್ನೋ ಅವರು ನಿರೀಕ್ಷಿಸಿದ್ದರು. ನಾವು ಅವಾವುದನ್ನೂ ನೋಡಿರಲಿಲ್ಲ. "ಒಂದು ಸಂಜೆ ಬಾಸ್ಕೆಟ್‌ಬಾಲ್ ನೋಡಿದೆವು" ಎಂದಾಗ ಮಕ್ಕಳ ಮುಖ ಸಣ್ಣದಾಯಿತು. ಅಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಬಾಕಿ ಉಳಿದ ಮಾತನ್ನು ಈ ಸಂಚಿಕೆಯಲ್ಲಿ ಒಪ್ಪಿಸುತ್ತಿದ್ದೇವೆ.

ನಮ್ಮ ತಂಗಿಯ ಸಂಸಾರ ಒಹಾಯೊ ರಾಜ್ಯದ ಡೇಟನ್ ಎಂಬ ಊರಿನಲ್ಲಿದೆ. ಆ ವರ್ಷದ ಫೆಬ್ರವರಿಯಲ್ಲಿ ತಂಗಿಯ ಬಾಣಂತನಕ್ಕೆಂದು ಅಮ್ಮ ಹೊರಟರು. ಮಂಗಳೂರಿನಿಂದ ಆಚೆಗೆ ಒಬ್ಬರೇ ಹೋಗಿ ಅಭ್ಯಾಸವಿಲ್ಲದ ಅವರನ್ನು ಅಷ್ಟು ದೂರ ಕಳುಹಿಸುವುದು ಹೇಗೆ? ಸಂಬಳವಿಲ್ಲದ ರಜೆ ಹಾಕಿ ನಾವೂ ಜೊತೆಗೆ ಹೋಗಬೇಕಾಯಿತು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಿದ್ದುದರಿಂದ ಮನಸ್ಸು ಹಿಂಜರಿಯಿತು. ಆದರೆ ಸಹೋದ್ಯೋಗಿಗಳು ನಮ್ಮ ತರಗತಿಗಳನ್ನು ಹಂಚಿಕೊಂಡು, ಧೈರ್ಯ ಹೇಳಿ ಕಳುಹಿಸಿಕೊಟ್ಟರು.

ಡೇಟನ್ ಎಂಬ ಹೆಸರು ನಮ್ಮ ಮಕ್ಕಳಿಗೆ ಹೊಸದಿರಬಹುದು. ರೈಟ್ ಸಹೋದರರ ಊರು ಎಂದರೆ ಎಲ್ಲರಿಗೂ ತಿಳಿದೀತು. ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಆ ಅಣ್ಣತಮ್ಮಂದಿರು 1903ರಲ್ಲಿ ಹಾರಿಸಿದ ವಿಮಾನದ ಭಾಗಗಳನ್ನು ಸಿದ್ಧಪಡಿಸಿದ್ದು ಇಲ್ಲಿಯೇ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ತಂದೆತಾಯಿಗಳ ಮಗನಾಗಿ ಹುಟ್ಟಿ, ಹೆಸರಾಂತ ಕವಿಯಾದ ಪಾಲ್ ಲಾರೆನ್ಸ್ ಡನ್‌ಬಾರ್ ಈ ಊರಿನ ಹೈಸ್ಕೂಲಿನಲ್ಲಿ ಆರ್ವಿಲ್ ರೈಟನ ಸಹಪಾಠಿ.

ಊರು ಮಂಗಳೂರಿಗಿಂತಲೂ ಚಿಕ್ಕದು. 1960ರಲ್ಲಿ ಎರಡೂವರೆ ಲಕ್ಷ ದಾಟಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ ಒಂದು ಲಕ್ಷ ಮೂವತ್ತೇಳು ಸಾವಿರದಷ್ಟಕ್ಕೆ ಇಳಿದಿತ್ತು. ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ 2008ರಲ್ಲಿ ಬಾಗಿಲು ಮುಚ್ಚಿತು. ಅಂಗಡಿಗಳ ಹಣದ ಲೆಕ್ಕದ ಯಂತ್ರಗಳಿಂದ ಊರಿಗೆ ಹೆಸರು ತಂದಿದ್ದ ಎನ್.ಸಿ.ಆರ್. ಕಂಪೆನಿ 2009ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಜಾರ್ಜಿಯಾ ರಾಜ್ಯಕ್ಕೆ ಸಾಗಿಸುವುದಾಗಿ ಸಾರಿತು. 2019ರ ಮೇ ತಿಂಗಳಲ್ಲಿ ಸುಂಟರಗಾಳಿ ಸುತ್ತಮುತ್ತಲಿನ ಮನೆಗಳನ್ನು ಕೆಡವಿತು. ಅದೇ ವರ್ಷದ ಆಗಸ್ಟಿನಲ್ಲಿ ಒಬ್ಬನ ಗುಂಡಿಗೆ ಒಂಬತ್ತು ಜನ ಬಲಿಯಾದರು. ಒಟ್ಟಿನಲ್ಲಿ, ಪೆಟ್ಟಿನ ಮೇಲೆ ಪೆಟ್ಟು ತಿಂದ ಊರು.

ಇಂತಹ ಊರಿಗೆ ವರ್ಷಕ್ಕೊಮ್ಮೆ ಒಂದು ಹಬ್ಬ ಬರುತ್ತದೆ. ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಪುರುಷರ ವಿಭಾಗಕ್ಕೆ ಅರ್ಹತೆ ಪಡೆಯುವ 68 ತಂಡಗಳಲ್ಲಿ ಎಂಟು ತಂಡಗಳು ಮೊದಲು ತಮ್ಮೊಳಗೆ ಆಡಬೇಕು. ಗೆದ್ದ ನಾಲ್ಕು ಮುಂದಕ್ಕೆ, ಸೋತ ನಾಲ್ಕು ಮನೆಗೆ. 2011ರಲ್ಲಿ ಈ ಕ್ರಮ ಆರಂಭವಾದಂದಿನಿಂದ ಆ ಪಂದ್ಯಗಳ ಆತಿಥ್ಯ ಡೇಟನ್ನಿನದಾಯಿತು. ಅದಕ್ಕೂ ಮೊದಲು, 2001ರಿಂದ, ಎರಡೇ ತಂಡಗಳ ಒಂದು ಪಂದ್ಯ ಇಲ್ಲಿ ನಡೆಯುತ್ತಿತ್ತು. ಫೈನಲ್ ಪಂದ್ಯ ದೊಡ್ಡ ನಗರಗಳ ಪಾಲಿನದು. ಡೇಟನ್ನಿನ ಪಾಲಿಗೆ ಬರುವುದು ಹೊಸ್ತಿಲ ಪಂದ್ಯಗಳು. ಹಾಗೆಂದು ಊರಿನವರಿಗೆ ಬೇಸರವಿಲ್ಲ.

ಮಾರ್ಚ್ 15, ಬುಧವಾರ. ತಂಗಿಯ ಪಕ್ಕದ ಮನೆಯಲ್ಲಿ ನಿವೃತ್ತ ಅಧ್ಯಾಪಿಕೆಯೊಬ್ಬರಿದ್ದರು. ಅವರ ಜೊತೆಗೆ ಹೋಗಬೇಕಾಗಿದ್ದ ಬಂಧುಗಳಿಬ್ಬರು ಬರಲಾಗದೆ ಎರಡು ಟಿಕೇಟು ಉಳಿದಿದ್ದುವು. ನಮ್ಮನ್ನು ಕರೆದರು. "ಅಮ್ಮಾ, ಸಂಜೆ ಆಟಕ್ಕೆ ಹೋಗುವ" ಎಂದೆವು. ನಮ್ಮ ಕಡೆಯವರಿಗೆ ಆಟವೆಂದರೆ ಯಕ್ಷಗಾನವಲ್ಲದೆ ಬೇರೇನು? "ಇಲ್ಲಿಗೂ ಬಂತೋ? ಯಾವ ಮೇಳ?" ಎಂದು ಅಮ್ಮ ಕೇಳಿದರು! ತಂಗಿ ನಕ್ಕು, "ಮಗುವನ್ನು ನಾವು ನೋಡಿಕೊಳ್ಳುತ್ತೇವೆ, ಅಕ್ಕ, ಅಮ್ಮನನ್ನು ಕರೆದುಕೊಂಡು ಹೋಗು" ಎಂದು ಒತ್ತಾಯಿಸಿದಳು. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಅಳಿಯನ ಕೋಟು ತೊಟ್ಟು ಅಮ್ಮ ಹೊರಟರು.

ಡೇಟನ್ ವಿಶ್ವವಿದ್ಯಾಲಯದ ಕ್ರೀಡಾಂಗಣ 1969ರಲ್ಲಿ ತೆರೆದದ್ದು. ಹದಿಮೂರು ಸಾವಿರ ಮಂದಿ ಕುಳಿತುಕೊಳ್ಳುವಷ್ಟು ದೊಡ್ಡದು. ಹತ್ತಿರದ ವಾಯುಸೇನೆಯ ನೆಲೆಯವರಿಗೂ ಶಾಲಾ ಮಕ್ಕಳಿಗೂ ಊರಿನವರೇ ಟಿಕೇಟು ಒದಗಿಸುತ್ತಾರೆಂದು ಅಧ್ಯಾಪಿಕೆ ಹೇಳಿದರು. ದೂರದ ತಂಡಗಳಿಗೆ ಯಾವ ಊರಿನಲ್ಲಿ ಆಡಬೇಕೆಂದು ತಿಳಿಯುವುದೇ ಭಾನುವಾರ ರಾತ್ರಿ. ಎರಡು ಮೂರು ದಿನಗಳಲ್ಲಿ ಅವರ ಕಡೆಯ ಜನ ಎಷ್ಟು ಮಂದಿ ಬಂದಾರು? ಊರಿನವರು ಕುಳಿತುಕೊಳ್ಳದಿದ್ದರೆ ಆ ಹುಡುಗರು ಖಾಲಿ ಕುರ್ಚಿಗಳ ಮುಂದೆ ಆಡಬೇಕಾದೀತು.

ಮೊದಲ ಪಂದ್ಯ ಟೆಕ್ಸಸ್ ಸದರ್ನ್ ಮತ್ತು ಫೇರ್ಲಿ ಡಿಕಿನ್ಸನ್ ವಿಶ್ವವಿದ್ಯಾಲಯಗಳದು. ಅಮ್ಮ ಕುಳಿತ ಕೂಡಲೆ ಕೇಳಿದರು: "ಇದರಲ್ಲಿ ನಮ್ಮವರು ಯಾರು?"

ನಾವು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆವು. ಅಧ್ಯಾಪಿಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಡೇಟನ್ ಕಾಲೇಜಿನ ತಂಡ ಮೂರು ದಿನಗಳ ಹಿಂದೆಯಷ್ಟೇ ತನ್ನ ವಲಯದ ಫೈನಲಿನಲ್ಲಿ ಸೋತು, ಈ ಪಂದ್ಯಾವಳಿಗೆ ಬಾರದೆ ಹೋಗಿತ್ತು. 2020ರಲ್ಲಿ ಅದೇ ತಂಡ 29 ಪಂದ್ಯಗಳನ್ನು ಗೆದ್ದು ಎರಡರಲ್ಲಿ ಮಾತ್ರ ಸೋತು, ದೇಶದಲ್ಲಿ ಮೂರನೆಯ ಸ್ಥಾನದಲ್ಲಿದ್ದಾಗ, ಕೊರೋನಾದಿಂದಾಗಿ ಪಂದ್ಯಾವಳಿಯೇ ರದ್ದಾಯಿತು. ಇದನ್ನೆಲ್ಲ ಹೇಳಿ ಅವರೆಂದರು: "ನಮ್ಮವರು ಭಾನುವಾರವೇ ಸೋತರು. ಇವತ್ತು ಬಂದವರೆಲ್ಲ ನಮ್ಮವರೇ."

ಅಮ್ಮ ತಲೆಯಾಡಿಸಿದರು. "ಹರಕೆಯ ಆಟ ಆಡಿಸಿದ ಮನೆಯವರ ಹಾಗೆ. ಬೆಳಗಿನವರೆಗೆ ಎದ್ದು ಹೋಗುವ ಹಾಗಿಲ್ಲ."

ಫೇರ್ಲಿ ಡಿಕಿನ್ಸನ್ ತಂಡ ಆ ದರ್ಜೆಯ ಮುನ್ನೂರಕ್ಕೂ ಮಿಕ್ಕಿದ ತಂಡಗಳಲ್ಲಿ ಅತ್ಯಂತ ಗಿಡ್ಡದು. ಹಿಂದಿನ ವರ್ಷ ಗೆದ್ದದ್ದು ನಾಲ್ಕೇ ಪಂದ್ಯ. ಆ ಹುಡುಗರು ಚೆಂಡು ಸಿಕ್ಕಿದೊಡನೆ ಓಡುವ ರೀತಿ ಕಂಡು ಅಮ್ಮನಿಗೆ ಸಂತೋಷವೋ ಸಂತೋಷ. ಅವರು 84–61ರಿಂದ ಗೆದ್ದರು. ಆದರೆ ನಮ್ಮ ಮನಸ್ಸಿನಲ್ಲಿ ಉಳಿದದ್ದು ಗೆದ್ದವರಲ್ಲ. ಪಂದ್ಯ ಕೈತಪ್ಪಿದೆಯೆಂದು ಎಲ್ಲರಿಗೂ ತಿಳಿದ ಮೇಲೂ, ಟೆಕ್ಸಸ್ ಸದರ್ನ್ ತಂಡದ ಹುಡುಗನೊಬ್ಬ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದಾಗ, ನಮ್ಮ ಅಧ್ಯಾಪಿಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಸಾಲಿನಲ್ಲಿ ಇನ್ನೂ ಕೆಲವರು ತಟ್ಟಿದರು. ಆ ಹುಡುಗನ ಹೆಸರು ಅವರಾರಿಗೂ ತಿಳಿದಂತಿರಲಿಲ್ಲ.

ಆಗ ನಮಗೆ ನಮ್ಮ ಶಾಲೆಯ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಉಪಜಿಲ್ಲಾ ಕಲೋತ್ಸವದ ಆತಿಥ್ಯ ನಮಗೆ ದೊರೆತಿತ್ತು. ರಕ್ಷಕರು ಚಪ್ಪರ ಹಾಕಿದರು, ತರಕಾರಿ ಹೆಚ್ಚಿದರು, ಬಂದವರಿಗೆಲ್ಲ ಪಾಯಸದ ಊಟ ಹಾಕಿದರು. ಅದರಲ್ಲಿ ಕುಂದಿಲ್ಲ. ಕೊನೆಯ ದಿನ ಮಧ್ಯಾಹ್ನ ತರಗತಿ ಕೋಣೆಯ ಸಣ್ಣ ವೇದಿಕೆಯಲ್ಲಿ ಕನ್ನಡ ಕಂಠಪಾಠ ಸ್ಪರ್ಧೆ. ಆ ವೇದಿಕೆಯ ಹೊಣೆ ನಮ್ಮದು. ನಮ್ಮ ಶಾಲೆಯ ಹುಡುಗಿ ಮೊದಲೇ ಹೇಳಿ ಮುಗಿಸಿದಳು. ಅವಳೊಂದಿಗೆ ನಮ್ಮ ಮಕ್ಕಳೆಲ್ಲ ಎದ್ದು ದೊಡ್ಡ ವೇದಿಕೆಯ ಒಪ್ಪನ ನೋಡಲು ಓಡಿದರು. ನಾವು ತಡೆಯಲಿಲ್ಲ. ಕೊನೆಯ ಸರದಿ ಗುಡ್ಡದಾಚೆಯ ಚಿಕ್ಕ ಶಾಲೆಯ ಹುಡುಗಿಯದು. ಮುಂದೆ ಮೂವರು ತೀರ್ಪುಗಾರರು, ಹಿಂದೆ ಅವಳ ಅಧ್ಯಾಪಕರು, ನಡುವೆ ಖಾಲಿ ಬೆಂಚುಗಳು. ಪದ್ಯದ ನಡುವೆ ಅವಳಿಗೆ ಒಂದು ಸಾಲು ಮರೆತಿತು. ಅವಳು ಕಣ್ಣೆತ್ತಿ ಬೆಂಚುಗಳ ಕಡೆಗೆ ನೋಡಿದಳು. ನಾವು ಆ ಹೊತ್ತಿಗೆ ಕೈಗಡಿಯಾರ ನೋಡುತ್ತಿದ್ದೆವು. ಉಳಿದುದನ್ನು ಪಿಸುದನಿಯಲ್ಲಿ ಹೇಳಿ ಮುಗಿಸಿ ಅವಳು ಕೆಳಗಿಳಿದಳು.

ಹೊಟ್ಟೆ ತುಂಬ ಉಣ್ಣಿಸಿ ಕಳುಹಿಸಿದ ನಾವು ಆ ಮಗುವಿಗೆ ಐದು ನಿಮಿಷ ಕಿವಿ ಕೊಡಲಿಲ್ಲ. ಕೇರಳದಲ್ಲಿ ಕನ್ನಡ ಕಲಿಯುವ ನಮಗೆ ಕೇಳುವವರಿಲ್ಲದೆ ಮಾತನಾಡುವ ಕಷ್ಟ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮರೆತೆವು. ಆ ಕ್ರೀಡಾಂಗಣದಲ್ಲಿ ಕುಳಿತು ಇದನ್ನು ಅಮ್ಮನಿಗೆ ಹೇಳಿದೆವು. ಅಮ್ಮ ಬೈಯಲಿಲ್ಲ. "ಈಗ ಆ ಹುಡುಗಿ ಎಲ್ಲಿದ್ದಾಳೆ?" ಎಂದು ಮಾತ್ರ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಶುಕ್ರವಾರ ರಾತ್ರಿ ಟಿ.ವಿ.ಯಲ್ಲಿ ಮತ್ತೊಂದು ಪಂದ್ಯ. ಅದೇ ರಾಜ್ಯದ ಕೊಲಂಬಸ್ ನಗರದಲ್ಲಿ ಅಮ್ಮನ ಗಿಡ್ಡ ಹುಡುಗರಿಗೆ ಎದುರಾಳಿ ಪರ್ಡ್ಯೂ ತಂಡ, ತನ್ನ ವಿಭಾಗದ ಅಗ್ರಶ್ರೇಯಾಂಕದ್ದು. ಅದರಲ್ಲಿ ಜ್ಯಾಕ್ ಈಡಿ ಎಂಬ ಏಳು ಅಡಿ ನಾಲ್ಕು ಅಂಗುಲದ ಆಟಗಾರನಿದ್ದ. ಗಿಡ್ಡ ಹುಡುಗರು 63–58ರಿಂದ ಗೆದ್ದರು. ಪುರುಷರ ಪಂದ್ಯಾವಳಿಯಲ್ಲಿ ಹದಿನಾರನೆಯ ಶ್ರೇಯಾಂಕದ ತಂಡ ಒಂದನೆಯದನ್ನು ಸೋಲಿಸಿದ್ದು ಅದು ಎರಡನೆಯ ಸಲ ಮಾತ್ರ. ಗೋಡೆಯಾಚೆಯಿಂದ ಅಧ್ಯಾಪಿಕೆಯ ಕೂಗು ಕೇಳಿಸಿತು. ತೊಟ್ಟಿಲಿನ ಮಗು ಎಚ್ಚರವಾಯಿತು. ಮುಂದಿನ ಪಂದ್ಯದಲ್ಲಿ ಆ ತಂಡ ಸೋತಿತು. ಆದರೂ ಡೇಟನ್ನಿನವರು ಅವರನ್ನು "ನಮ್ಮ ಹುಡುಗರು" ಎಂದೇ ಹೇಳಿಕೊಳ್ಳುತ್ತಿದ್ದರು. ಮೊದಲ ಚಪ್ಪಾಳೆ ತಮ್ಮದಲ್ಲವೇ?

ಕಲೋತ್ಸವ ಮತ್ತೊಮ್ಮೆ ನಮ್ಮ ಶಾಲೆಗೆ ಬರಬಹುದೆಂಬ ಮಾತು ಕೇಳಿಬರುತ್ತಿದೆ. ಬಂದರೆ ಊಟ, ಚಪ್ಪರ, ಬೆಳಕಿನ ವ್ಯವಸ್ಥೆಯನ್ನು ನಮ್ಮ ರಕ್ಷಕರು ಹಿಂದಿನಂತೆಯೇ ಚೆನ್ನಾಗಿ ನಡೆಸಿಕೊಡುವರೆಂಬ ಭರವಸೆಯಿದೆ. ಮಕ್ಕಳೇ, ನಿಮ್ಮಲ್ಲಿ ನಮ್ಮ ಕೋರಿಕೆ ಇಷ್ಟೇ: ಒಂದೊಂದು ವೇದಿಕೆಯನ್ನು ಒಂದೊಂದು ತರಗತಿಯವರು ವಹಿಸಿಕೊಳ್ಳಿ. ಕೊನೆಯ ಸ್ಪರ್ಧಿ ಇಳಿಯುವವರೆಗೆ ಬೆಂಚು ಬಿಟ್ಟು ಏಳಬೇಡಿ. ಯಾರಿಗಾದರೂ ಸಾಲು ಮರೆತರೆ, ಅವರು ಕಣ್ಣೆತ್ತಿ ನೋಡಿದಾಗ ಎದುರಿಗೆ ನಿಮ್ಮ ಮುಖ ಕಾಣಲಿ.

ಕನ್ನಡ ಕಂಠಪಾಠದ ಕೋಣೆಯಲ್ಲಿ ನಾವು ಇರುತ್ತೇವೆ. ಅಮ್ಮನೂ ಬರುತ್ತೇನೆಂದಿದ್ದಾರೆ, ಮುಂದಿನ ಬೆಂಚಿನಲ್ಲಿ ಅವರಿಗೊಂದು ಜಾಗ ಇಡಬೇಕು.