ನಮ್ಮ ಮನೆಯ ಯಂತ್ರಕ್ಕೆ ಬೇಲಿ ಕಟ್ಟಿದ್ದು

ಕಂಪ್ಯೂಟರಿನ ವಿಷಯ ಬರೆಯಲು ಕನ್ನಡ, ಇತಿಹಾಸ ಓದುವ ಬಿ.ಎ. ವಿದ್ಯಾರ್ಥಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ. ಪಟ್ಟ ಪಾಡನ್ನು ಹೇಳಿಕೊಳ್ಳುವ ಹಕ್ಕು ಮಾತ್ರ ಇದೆ.

ನಮ್ಮೂರು ಹಾಲ್ಕುರಿಕೆ. ಮನೆಯ ಹಿಂದೆ ತೆಂಗಿನ ತೋಟ. ಅಟ್ಟದ ಮೇಲೆ ಕೊಬ್ಬರಿಯಾಗಲು ಕಾದು ಕುಳಿತ ಕಾಯಿಗಳು. ಅಟ್ಟದ ಕೆಳಗೆ, ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರು. ಕೊಬ್ಬರಿ ಮಾರಿದ ಹಣದಲ್ಲಿ ಅಪ್ಪ ತಿಪಟೂರಿನಿಂದ ತಂದದ್ದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಾದ್ದರಿಂದ ಆ ಯಂತ್ರದ ವಿಚಾರದಲ್ಲಿ ನನ್ನ ಮಾತೇ ವೇದವಾಕ್ಯ.

ಅದರಲ್ಲಿದ್ದದ್ದು ಡೆಬಿಯನ್ ಲಿನಕ್ಸ್. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸಿನ ಮಾದರಿಯಲ್ಲಿ, 1991ರಲ್ಲಿ ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸನ್ನು ಬರೆಯತೊಡಗಿದ. ಆಗ ಅವನಿಗೆ 21 ವರ್ಷ. ಅದನ್ನು ಆಧರಿಸಿ 1993ರಲ್ಲಿ ಡೆಬಿಯನ್ ಆರಂಭವಾಯಿತು. ಇದಕ್ಕೆ ಬಿಡಿಗಾಸು ಕೊಡಬೇಕಾಗಿಲ್ಲ. ಅದರ ಕನ್ನಡ ಅಕ್ಷರಗಳಲ್ಲಿ ಒಂದರ ಹೆಸರು ‘ಗುಬ್ಬಿ’ ಎಂದು ಕಂಡಾಗ, ಪಕ್ಕದ ತಾಲ್ಲೂಕೇ ಯಂತ್ರದೊಳಗೆ ಬಂದಷ್ಟು ಸಂತೋಷವಾಯಿತು.

ಆದರೆ ನಮ್ಮದು 2021ರಲ್ಲಿ ಬಿಡುಗಡೆಯಾದ 11ನೆಯ ಆವೃತ್ತಿ. ಎಂಥ ತಂತ್ರಾಂಶದಲ್ಲೂ ತೂತುಗಳು ಕಾಣುತ್ತಲೇ ಇರುತ್ತವೆ. ತಯಾರಿಸಿದವರು ಅವಕ್ಕೆ ತೇಪೆ ಹಾಕುತ್ತಾರೆ. ಈ ಸೇವೆ ಕೆಲವು ವರ್ಷ ಮಾತ್ರ. ಬಳಿಕ ತೂತು ಕಳ್ಳನಿಗೆ ಗೊತ್ತು, ತೇಪೆ ಹಾಕುವವರಿಲ್ಲ. 2023ರಲ್ಲಿ 12, 2025ರ ಆಗಸ್ಟಿನಲ್ಲಿ 13 ಬಂದಿದ್ದವು. 11ರಿಂದ 13ಕ್ಕೆ ಹಾರುವಂತಿಲ್ಲ. ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಬೇಕು. ಹನ್ನೆರಡರ ಹೆಸರು ‘ಬುಕ್‌ವರ್ಮ್’, ಎಂದರೆ ಪುಸ್ತಕದ ಹುಳು. ಪರೀಕ್ಷೆ ಹತ್ತಿರವಿದ್ದ ನನಗೆ ತಕ್ಕ ಹೆಸರೇ.

ರಾತ್ರಿ ಊಟ ಮುಗಿಸಿ ಕುಳಿತೆ. ಮುಂದುವರಿಯಲೇ ಎಂದು ಯಂತ್ರ ಕೇಳಿತು. ಬೆರಳು ಕೀಲಿಯ ಮೇಲಿತ್ತು. ಹಿಂದಿನಿಂದ ಅವ್ವ, “ಅಜ್ಜಿ ಪದ ಇದ್ರಾಗೇ ಅಲ್ವೇನಪ್ಪಾ ಇರೋದು?” ಎಂದಳು.

ನನ್ನ ಕೈ ತಣ್ಣಗಾಯಿತು. ಅಜ್ಜಿ ತೀರಿಕೊಳ್ಳುವ ಮುಂಚೆ ಹಾಡಿದ ಸೋಬಾನೆ ಪದಗಳನ್ನು ಫೋನಿನಲ್ಲಿ ಹಿಡಿದಿದ್ದೆ. ಫೋನಿನಲ್ಲಿ ಜಾಗವಿಲ್ಲವೆಂದು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಅಳಿಸಿಬಿಟ್ಟಿದ್ದೆ. ಇರುವುದು ಒಂದೇ ಪ್ರತಿ. ಓದು ಬಾರದ ಅವ್ವನಿಗೆ ಹೊಳೆದದ್ದು ಪದವೀಧರನಾಗಲಿರುವ ಮಗನಿಗೆ ಹೊಳೆದಿರಲಿಲ್ಲ. ‘ಬೇಡ’ ಎಂದು ಒತ್ತಿ ಎದ್ದೆ.

ಮರುದಿನ ತಿಪಟೂರಿನಿಂದ ಪೆನ್‌ಡ್ರೈವ್ ತಂದು ಎಲ್ಲವನ್ನೂ ನಕಲು ಮಾಡಿದೆ. ನಕಲು ಮಾಡಿದರೆ ಸಾಲದು, ಅದು ತೆರೆಯುವುದೇ ಎಂದು ನೋಡಬೇಕು. ಒಂದೊಂದಾಗಿ ಹಾಡಿಸಿದೆ. ಅವ್ವ ಒಲೆಯ ಮುಂದಿನ ಕೆಲಸ ಬಿಟ್ಟು ಬಂದು, ಕೊನೆಯ ಪದದವರೆಗೂ ಕಂಬಕ್ಕೊರಗಿ ಕುಳಿತಿದ್ದಳು.

ಅಂದು ರಾತ್ರಿ ಕೆಲಸ ಅರ್ಧಕ್ಕೆ ಬಂದಿದ್ದಾಗ ಕರೆಂಟು ಹೋಯಿತು! ಕರೆಂಟು ಬಂದ ಮೇಲೂ ಪರದೆಯಲ್ಲಿ ಚಿತ್ರವಿಲ್ಲ. ಕಪ್ಪಿನ ಮೇಲೆ ಬಿಳಿಯ ಅಕ್ಷರಗಳಷ್ಟೇ. “ಕೆಟ್ಟೋಯ್ತೇನ್ಲಾ?” ಎಂದರು ಅಪ್ಪ. ಉತ್ತರ ಬರಲಿಲ್ಲ. ಪೆನ್‌ಡ್ರೈವ್ ಜೇಬಿನಲ್ಲಿ ಇರದಿದ್ದರೆ ಅಳುವೇ ಬರುತ್ತಿತ್ತು. ಅರೆಬರೆ ನಿಂತ ಕಂತೆಗಳನ್ನು ಮೊದಲು ಪೂರೈಸು ಎಂಬ ಒಂದು ಅಪ್ಪಣೆಯುಂಟು: ‘ಡಿಪಿಕೆಜಿ’ ಎಂದು ಬರೆದು ‘ಕಾನ್ಫಿಗರ್’ ಎನ್ನಬೇಕು. ಹಾಗೆಯೇ ಮಾಡಿದೆ. ಯಂತ್ರ ನಿಂತಲ್ಲಿಂದ ಮತ್ತೆ ನಡೆಯತೊಡಗಿತು. ಮುಂದಿನ ಭಾನುವಾರ 13ಕ್ಕೂ ಹತ್ತಿಸಿದೆ.

ಇನ್ನು ಬೇಲಿಯ ಕೆಲಸ. ಈ ವ್ಯವಸ್ಥೆಯಲ್ಲಿ ‘ರೂಟ್’ ಎಂಬ ಯಜಮಾನನೊಬ್ಬನಿದ್ದಾನೆ. ಅವನು ಹೇಳಿದರೆ ಯಂತ್ರ ತನ್ನನ್ನೇ ಅಳಿಸಿಕೊಳ್ಳುತ್ತದೆ. ಸೋಮಾರಿಯಾದ ನಾನು ದಿನವೂ ಅವನ ಹೆಸರಿನಲ್ಲೇ ಒಳಹೋಗುತ್ತಿದ್ದೆ. ಗುಪ್ತಪದ ನನ್ನ ಹೆಸರೇ. ಅಪ್ಪ ಬೀರುವಿನ ಬೀಗದ ಕೈಯನ್ನು ಕಾಯಿ ಕೀಳಿಸಲು ಹೋಗುವಾಗ ಒಯ್ಯುವುದಿಲ್ಲ. ನಾನು ಒಯ್ಯುತ್ತಿದ್ದೆ! ಈಗ ಸಾಮಾನ್ಯನ ಖಾತೆಯಲ್ಲಿದ್ದೇನೆ. ಬೇಕಾದಾಗ ಮಾತ್ರ ‘ಸುಡೊ’ ಎಂದು ಯಜಮಾನನ ಅಧಿಕಾರ ಬೇಡುತ್ತೇನೆ. ಗುಪ್ತಪದವನ್ನು ಉದ್ದ ಮಾಡಿದೆ. ದೂರದಿಂದ ಒಳಬರುವ ‘ಎಸ್‌ಎಸ್‌ಎಚ್’ ಬಾಗಿಲು ನಮಗೆ ಬೇಕಿರಲಿಲ್ಲ, ಮುಚ್ಚಿದೆ. ಕರೆಯದೆ ಬರುವವರನ್ನು ತಡೆಯಲು ‘ಯುಎಫ್‌ಡಬ್ಲ್ಯು’ ಎಂಬ ತಡೆಗೋಡೆ ನಿಲ್ಲಿಸಿದೆ. ತೇಪೆಗಳು ತಾವಾಗಿ ಬಂದು ಕೂರುವಂತೆಯೂ ಮಾಡಿದೆ.

ಇಷ್ಟಾದ ಮೇಲೆ ಹೆಮ್ಮೆಯಿಂದ, “ಇನ್ನು ಯೋಚನೆ ಇಲ್ಲಪ್ಪ” ಎಂದೆ. ಅಪ್ಪ ತೋಟಕ್ಕೆ ಹೊರಟಿದ್ದರು. “ಹಾಕಿದ್ ಬೇಲಿ ಹಂಗೇ ಇರ್ತೈತೇನ್ ಮಗಾ? ವರ್ಸಾ ವರ್ಸಾ ಮುಳ್ ಹೊಚ್ಬೇಕು” ಎಂದು ಮಚ್ಚು ತೆಗೆದುಕೊಂಡು ನಡೆದರು.

ಈಗ ಪೆನ್‌ಡ್ರೈವ್ ಅವ್ವನ ಟ್ರಂಕಿನಲ್ಲಿದೆ. ಹೊಸದಾಗಿ ಏನಾದರೂ ಕೂಡಿಸಿದ ತಿಂಗಳು ಅದನ್ನು ಕೇಳಿ ಪಡೆದು, ಕೆಲಸ ಮುಗಿಸಿ, ಒಂದು ಪದ ಹಾಡಿಸಿ, ಅವಳ ಕೈಗೇ ಕೊಡುತ್ತೇನೆ.