ಬಸ್ ಮಾಲೀಕರು ಕೇಳಿದ ವಿಮಾನ

ವಿಮಾನಗಳ ಚರಿತ್ರೆ ಎಂದಾಕ್ಷಣ ರೈಟ್ ಸಹೋದರರು, ಯುದ್ಧ ವಿಮಾನಗಳು, ಜೆಟ್‌ಗಳು ನೆನಪಾಗುತ್ತವೆ. ನನಗೆ ಇಷ್ಟವಾದ ವಿಮಾನ ಇವುಗಳಲ್ಲಿ ಯಾವುದೂ ಅಲ್ಲ. ಅದು ಮರ ಮತ್ತು ಬಟ್ಟೆಯಿಂದ ಮಾಡಿದ, ಆರು ಪ್ರಯಾಣಿಕರು ಕೂರುವ, ಎರಡು ಇಂಜಿನ್‌ಗಳ ಪುಟ್ಟ ವಿಮಾನ. ಹೆಸರು ಡಿ ಹ್ಯಾವಿಲೆಂಡ್ ಡ್ರ್ಯಾಗನ್. ಇಂಥದ್ದೊಂದು ಮಾಡಿಕೊಡಿ ಎಂದು ಕೇಳಿದವರು ರಾಜರಲ್ಲ, ಸೇನಾಪತಿಗಳೂ ಅಲ್ಲ, ಒಬ್ಬ ಬಸ್ ಮಾಲೀಕರು. ನನ್ನ ಅಬ್ಬಾ ಬಸ್ ಡ್ರೈವರ್. ಹಾಗಾಗಿ ಈ ಕಥೆ ನನಗೆ ಇನ್ನೂ ಹತ್ತಿರದ್ದು.

ಎಡ್ವರ್ಡ್ ಹಿಲ್‌ಮನ್ ಅವರ ಬಸ್ಸುಗಳು ಲಂಡನ್ನಿನ ಪೂರ್ವಕ್ಕಿರುವ ಎಸೆಕ್ಸ್ ಕಡೆ ಓಡುತ್ತಿದ್ದವು. 1932ರ ಹೊತ್ತಿಗೆ ಅವರು ಫಾಕ್ಸ್ ಮಾತ್ ಎಂಬ ಒಂದೇ ಇಂಜಿನ್ನಿನ ಸಣ್ಣ ವಿಮಾನಗಳನ್ನೂ ಓಡಿಸತೊಡಗಿದ್ದರು. ಅವರ ಕಣ್ಣು ಪ್ಯಾರಿಸ್ ಮೇಲಿತ್ತು. ಪ್ಯಾರಿಸ್‌ಗೆ ಹೋಗಲು ಸಮುದ್ರ ದಾಟಬೇಕು, ಅದಕ್ಕೆ ಎರಡು ಇಂಜಿನ್ ಬೇಕು. ಆ ಮಾರ್ಗದಲ್ಲಿ ಆಗಲೇ ಇಂಪೀರಿಯಲ್ ಏರ್‌ವೇಸ್ ಇತ್ತು. ಅದಕ್ಕೆ ಸರ್ಕಾರದ ಸಹಾಯಧನ ಸಿಗುತ್ತಿತ್ತು. ನಾಲ್ಕು ಇಂಜಿನ್ನಿನ, 38 ಸೀಟಿನ ಅದರ ವಿಮಾನಗಳಲ್ಲಿ ಊಟ ಬಡಿಸಲು ಆಳುಗಳಿದ್ದರು. ಹಿಲ್‌ಮನ್‌ಗೆ ಸಹಾಯಧನ ಇರಲಿಲ್ಲ. ಕಡಿಮೆ ದರದಲ್ಲಿ ಟಿಕೆಟ್ ಕೊಟ್ಟೂ ನಷ್ಟವಾಗದ ವಿಮಾನ ಅವರಿಗೆ ಬೇಕಿತ್ತು.

ಡಿ ಹ್ಯಾವಿಲೆಂಡ್ ಕಂಪನಿ ಈ ಲೆಕ್ಕಕ್ಕೆ ಜಾಣತನದ ಉತ್ತರ ಕೊಟ್ಟಿತು. ಹೊಸ ಇಂಜಿನ್ ತಯಾರಿಸುವ ಗೋಜಿಗೆ ಹೋಗದೆ, ತನ್ನಲ್ಲೇ ತಯಾರಾಗುತ್ತಿದ್ದ 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಇಂಜಿನ್ನುಗಳನ್ನೇ ಎರಡು ಹಾಕಿತು. ಒಡಲು ಪ್ಲೈವುಡ್ಡಿನ ಪೆಟ್ಟಿಗೆ, ರೆಕ್ಕೆಗಳಿಗೆ ಬಟ್ಟೆಯ ಹೊದಿಕೆ. ಚಕ್ರಗಳು ಒಳಗೆ ಮಡಚಿಕೊಳ್ಳುವುದಿಲ್ಲ, ಹಾಗಾಗಿ ಕೆಡುವ ಭಾಗಗಳೂ ಕಡಿಮೆ. ಇಂಜಿನ್ನಿನಿಂದಾಚೆಯ ರೆಕ್ಕೆಯನ್ನು ಹಿಂದಕ್ಕೆ ಮಡಚಬಹುದು, ಹಾಗಾಗಿ ನಿಲ್ಲಿಸಲು ಸಣ್ಣ ಶೆಡ್ಡೇ ಸಾಕು. ಮೂತಿಯಲ್ಲಿ ಒಬ್ಬರೇ ಪೈಲಟ್. 1932ರ ನವೆಂಬರ್ 12ರಂದು ಡ್ರ್ಯಾಗನ್ ಮೊದಲ ಸಲ ಹಾರಿತು. 1933ರ ಏಪ್ರಿಲ್‌ನಲ್ಲಿ ಹಿಲ್‌ಮನ್ ಅವರ ಪ್ಯಾರಿಸ್ ಸೇವೆ ಶುರುವಾಯಿತು.

ಅಗ್ಗದ ವಿಮಾನ ಎಂದು ಮೂಗು ಮುರಿಯುವಂತಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಜಾನ್ ಸ್ವೋರ್ಡ್ ಎಂಬ ಇನ್ನೊಬ್ಬ ಬಸ್ ಉದ್ಯಮಿಯ ವಿಮಾನ ಸಂಸ್ಥೆಯೂ ಇದನ್ನು ಕೊಂಡಿತು. 1933ರ ಮೇ 14ರಂದು ಅದರ ಡ್ರ್ಯಾಗನ್ ಐಲಾ ದ್ವೀಪದಿಂದ ತೀವ್ರ ಅಸ್ವಸ್ಥರಾಗಿದ್ದ ಮೀನುಗಾರರೊಬ್ಬರನ್ನು ಗ್ಲಾಸ್ಗೋ ಕಡೆಗೆ ಹೊತ್ತು ತಂದಿತು. ಸ್ಕಾಟ್ಲೆಂಡಿನ ಏರ್ ಆಂಬುಲೆನ್ಸ್ ಚರಿತ್ರೆ ಆ ದಿನದಿಂದ ಶುರು. ಈಜಿಪ್ಟಿನ ಮೊದಲ ವಿಮಾನ ಸಂಸ್ಥೆಯಾದ ಮಿಸ್ರ್ ಏರ್‌ವರ್ಕ್ ಕೂಡ ಆರಂಭದ ವರ್ಷಗಳಲ್ಲಿ ಡ್ರ್ಯಾಗನ್‌ಗಳನ್ನು ಬಳಸಿತು. 1936ರ ಮೇ 27ರಂದು ಐರ್ಲೆಂಡಿನ ಏರ್ ಲಿಂಗಸ್ ತನ್ನ ಮೊದಲ ಹಾರಾಟ ನಡೆಸಿದ್ದೂ ಡ್ರ್ಯಾಗನ್‌ನಲ್ಲೇ, ಐದು ಪ್ರಯಾಣಿಕರೊಂದಿಗೆ. ಇಂಗ್ಲೆಂಡಿನಲ್ಲಿ 115 ಡ್ರ್ಯಾಗನ್‌ಗಳು ತಯಾರಾದವು. ಮುಂದೆ ಯುದ್ಧಕಾಲದಲ್ಲಿ ಆಸ್ಟ್ರೇಲಿಯಾದಲ್ಲಿ ಇನ್ನೂ 87 ತಯಾರಾದವು.

ಆದರೆ ಈ ಕಥೆಗೆ ನೋವಿನ ಪುಟವೂ ಇದೆ. 1934ರಲ್ಲಿ ಡ್ರ್ಯಾಗನ್‌ಗಿಂತ ಬಲಶಾಲಿಯಾದ ಡ್ರ್ಯಾಗನ್ ರ‍್ಯಾಪಿಡ್ ಬಂತು, ಹಿಲ್‌ಮನ್ ಅದನ್ನೂ ಕೊಂಡರು. ಅದೇ ವರ್ಷ ಅಕ್ಟೋಬರ್ 2ರಂದು ಎಸೆಕ್ಸ್‌ನಿಂದ ಪ್ಯಾರಿಸ್‌ಗೆ ಹೊರಟ ಅವರ ಒಂದು ರ‍್ಯಾಪಿಡ್, ಏನೂ ಕಾಣದಂಥ ಕೆಟ್ಟ ಹವೆಯಲ್ಲಿ ಫೋಕ್‌ಸ್ಟನ್ ಬಳಿ ಸಮುದ್ರಕ್ಕೆ ಬಿತ್ತು. ಒಳಗಿದ್ದ ಏಳೂ ಜನ ತೀರಿಕೊಂಡರು. ಅಗ್ಗದ ವಿಮಾನ ಮುರಿದು ಬಿದ್ದದ್ದಲ್ಲ. ಮೋಡದ ನಡುವೆ ತಾನು ಎಲ್ಲಿದ್ದೇನೆಂದು ಪೈಲಟ್‌ಗೆ ತಿಳಿಯದೆ ಹೋದದ್ದೇ ದುರಂತಕ್ಕೆ ದಾರಿಯಾಯಿತು.

ಎಲ್ಲಿದ್ದೇನೆಂದು ತಿಳಿಯುವುದು ಅಷ್ಟು ಕಷ್ಟವೇ? ಪ್ರಥಮ ಪಿಯುಸಿ ಭೌತಶಾಸ್ತ್ರದ ‘ಸಮತಲದಲ್ಲಿ ಚಲನೆ’ ಪಾಠ ನೆನಪಿಸಿಕೊಳ್ಳಿ. ನದಿ ದಾಟುವ ದೋಣಿಯ ಲೆಕ್ಕವೇ ಇಲ್ಲಿಯೂ. ವಿಮಾನ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ನೇರ ದಕ್ಷಿಣಕ್ಕೆ ಮುಖ ಮಾಡಿ ಹೊರಟಿದೆ, ಪಶ್ಚಿಮದಿಂದ 40 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆ ಎಂದುಕೊಳ್ಳೋಣ. ಅರ್ಧ ಗಂಟೆಯಲ್ಲಿ ಅದು 20 ಕಿಲೋಮೀಟರ್ ಪೂರ್ವಕ್ಕೆ ಸರಿದಿರುತ್ತದೆ. ಕೆಳಗೆ ನೆಲ ಕಂಡರೆ ತಿದ್ದಿಕೊಳ್ಳಬಹುದು. ಕಾಣದಿದ್ದರೆ ದಿಕ್ಸೂಚಿ, ಗಡಿಯಾರ, ವೇಗಮಾಪಕಗಳನ್ನು ನಂಬಿ, ವಿಮಾನ ನಡೆಸುತ್ತಲೇ ಒಬ್ಬನೇ ಈ ಲೆಕ್ಕ ಮಾಡಬೇಕು. ಮೋಡದೊಳಗೆ ನಮ್ಮ ದೇಹ ನೇರ ಯಾವುದು, ವಾಲಿದ್ದು ಯಾವುದು ಎಂಬುದನ್ನೂ ಸರಿಯಾಗಿ ಹೇಳುವುದಿಲ್ಲ. ಇದಕ್ಕೆ ಧೈರ್ಯ ಸಾಲದು, ತರಬೇತಿ ಬೇಕು. ಪೈಲಟ್ ಎಂದರೆ ಆಕಾಶದಲ್ಲಿ ಬಸ್ ಓಡಿಸುವವನು ಎಂಬ ಧೋರಣೆ ಹಿಲ್‌ಮನ್ ಅವರದಾಗಿತ್ತು.

ಈ ಮಾತನ್ನು ಅಬ್ಬಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಸ್ಸಿನ ಡ್ರೈವರ್ ಅಂದ್ರೆ ಅಷ್ಟು ಸುಲಭ ಅಂತ ಯಾರು ಹೇಳಿದ್ದು? ಸೀಟು ಹರಿದಿದ್ರೂ ಬಸ್ ಬಿಡಬಹುದು ಮಗಾ. ಬ್ರೇಕು, ಟಯರು, ಡ್ರೈವರನ ನಿದ್ದೆ, ಈ ಮೂರರಲ್ಲಿ ದುಡ್ಡು ಉಳಿಸಬಾರದು” ಎಂದರು. ಡ್ರ್ಯಾಗನ್ ಬಗ್ಗೆ ನಾನು ಓದಿದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಊಟ, ಮೆತ್ತನೆಯ ಸೀಟು, ದೊಡ್ಡ ಇಂಜಿನ್ ಇವನ್ನು ಬಿಟ್ಟದ್ದರಿಂದ ಸಾಮಾನ್ಯರಿಗೂ ಆಕಾಶ ಹತ್ತಿರವಾಯಿತು. ಅದು ಒಳ್ಳೆಯ ಉಳಿತಾಯ. ನಡೆಸುವವರ ಕಲಿಕೆಯಲ್ಲಿ ಮಾತ್ರ ಉಳಿತಾಯ ಸಲ್ಲದು.

ಹಿಲ್‌ಮನ್ 1934ರ ಡಿಸೆಂಬರ್ 31ರಂದು ತೀರಿಕೊಂಡರು. ಮರುವರ್ಷ ಅವರ ಸಂಸ್ಥೆ ಬೇರೆ ಸಂಸ್ಥೆಗಳೊಂದಿಗೆ ಸೇರಿ ಬ್ರಿಟಿಷ್ ಏರ್‌ವೇಸ್ ಲಿಮಿಟೆಡ್ ಆಯಿತು. 1940ರಲ್ಲಿ ಅದೂ ಇಂಪೀರಿಯಲ್ ಏರ್‌ವೇಸೂ ಒಂದಾಗಿ ಬಿಒಎಸಿ ಹುಟ್ಟಿತು. ಒಂದು ಕಾಲದಲ್ಲಿ ಪೈಪೋಟಿ ನಡೆಸಿದ ಬಸ್ ಮಾಲೀಕರ ಸಂಸ್ಥೆಯೂ ಸರ್ಕಾರದ ಮುದ್ದಿನ ಸಂಸ್ಥೆಯೂ ಹೀಗೆ ಒಂದೇ ಮನೆಯವಾದವು.

ಗೆಳೆಯರೇ, ದೋಣಿ ಮತ್ತು ನದಿಯ ಲೆಕ್ಕ ಪರೀಕ್ಷೆಯಲ್ಲಿ ಬಂದರೆ ಆಪ್ಷನ್ ಬಿಟ್ಟು ಮುಂದೆ ಹೋಗಬೇಡಿ. ಫೋಕ್‌ಸ್ಟನ್ ಬಳಿ ಆ ಏಳು ಜನರ ಜೀವ ಅಂಥದ್ದೇ ಒಂದು ಲೆಕ್ಕದ ಮೇಲೆ ನಿಂತಿತ್ತು.